ಸೊಲ್ಲಾಪುರದ ಒಂದು ಸಂಜೆ, ಕೊಲ್ಹಾಪುರದ ಸಂಬಳದ ದಿನಗಳು

ಪ್ರಶ್ನೆ: ಮಾಸ್ತರರಿಗೆ ನಮಸ್ಕಾರ. ನಾನು ಅಕ್ಕಲಕೋಟ ತಾಲ್ಲೂಕಿನ ಒಂದು ಕನ್ನಡ ಶಾಲೆಯಲ್ಲಿ ಶಿಕ್ಷಕಿ. ಈ ಸಲದ ಸ್ನೇಹಸಮ್ಮೇಳನಕ್ಕೆ ಏಳನೆಯ ಇಯತ್ತೆಯ ಮಕ್ಕಳಿಂದ ಲತಾ ಮಂಗೇಶಕರ ಅವರ ಬಾಲ್ಯದ ಮೇಲೆ ಒಂದು ಸಣ್ಣ ರೂಪಕ ಮಾಡಿಸಬೇಕೆಂದಿದ್ದೇವೆ. ಆದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಮ್ಮ ಅಜ್ಜ, "ಲತಾಬಾಯಿ ಮೊದಲ ಹಾಡಿದ್ದು ನಮ್ಮ ಸೊಲ್ಲಾಪುರದಾಗ, ಐದು ವರ್ಷದ ಕೂಸಿದ್ದಾಗ" ಎನ್ನುತ್ತಿದ್ದರು. ನಮ್ಮ ಹೆಡ್‌ಮಾಸ್ತರರು, "ಅವರು ಮೊದಲು ನಟಿ, ನಟನೆ ಕೈಹತ್ತಲಿಲ್ಲ, ಅದಕ್ಕೇ ಹಾಡಿಗೆ ಬಂದರು" ಎನ್ನುತ್ತಾರೆ. ಮೊಬೈಲಿಗೆ ಬಂದ ಒಂದು ಬರಹದಲ್ಲಿ ತಂದೆ ತೀರಿದ ಮೇಲೆ ಬೀದಿಯಲ್ಲಿ ಹಾಡಿ ತಮ್ಮ ತಂಗಿಯರನ್ನು ಸಾಕಿದರು ಎಂದಿದೆ. ಯಾವುದು ಖರೆ? ಇನ್ನೊಂದು, ಅವರಿಗೆ ಕನ್ನಡದ ನಂಟು ಏನಾದರೂ ಇತ್ತೆ?

ಉತ್ತರ: ಅಕ್ಕೋರೇ, ಮೊಬೈಲಿನ ಮಾತು ಸುಳ್ಳು. ಹೆಡ್‌ಮಾಸ್ತರರದು ತಿರುವುಮುರುವು. ನಿಮ್ಮ ಅಜ್ಜನದು ವಯಸ್ಸೊಂದು ಬಿಟ್ಟರೆ ಬಹುಪಾಲು ಖರೆ. ಆದರೆ ಅಜ್ಜನ ಮಾತಿಗೆ ನಮ್ಮ ಸೊಲ್ಲಾಪುರದವರೆಲ್ಲ ಕೊಡುವ ತೂಕವನ್ನು ನಾನು ಕೊಡಲಾರೆ. ಇಲ್ಲೇ ನಲವತ್ತು ವರ್ಷ ಪೇಟಿ, ಎಂದರೆ ಹಾರ್ಮೋನಿಯಂ, ಕಲಿಸಿಕೊಂಡು ಬದುಕಿದವನು ಹೀಗೆನ್ನುವುದು ಕೆಲವರಿಗೆ ಸೇರುವುದಿಲ್ಲ, ಗೊತ್ತು. ಏಕೆ ಹೀಗೆನ್ನುತ್ತೇನೆ ಎಂಬುದು ಮುಂದೆ ಬರುತ್ತದೆ.

ನಿಮ್ಮ ರೂಪಕದ ಪರದೆ ಸರಿಯಬೇಕಾದದ್ದು ಸಾಂಗ್ಲಿಯಲ್ಲಿ. ಅವರು ಹುಟ್ಟಿದ್ದು 1929ರ ಸೆಪ್ಟೆಂಬರ್ 28ರಂದು ಇಂದೂರಿನಲ್ಲಿ, ಆದರೆ ಕಣ್ಣು ಬಿಟ್ಟು ಲೋಕ ನೋಡಿದ್ದು ಸಾಂಗ್ಲಿಯ ಮನೆಯಲ್ಲಿ. ತಂದೆ ಮಾಸ್ಟರ್ ದೀನಾನಾಥ ಗೋವೆಯ ಮಂಗೇಶಿಯವರು, ಊರಿನ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡವರು. ಕಿರ್ಲೋಸ್ಕರ ನಾಟಕ ಮಂಡಳಿಯಲ್ಲಿ ಬಾಲನಟರಾಗಿ ಬೆಳೆದು, 1918ರಲ್ಲಿ ಚಿಂತಾಮಣರಾವ್ ಕೊಲ್ಹಟಕರ, ಕೃಷ್ಣರಾವ್ ಕೊಲ್ಹಾಪುರೆ ಅವರೊಂದಿಗೆ ಹೊರಬಂದು 'ಬಲವಂತ ಸಂಗೀತ ಮಂಡಳಿ' ಕಟ್ಟಿದರು. ಆಗ ಅವರಿಗೆ ಹದಿನೇಳು ವರ್ಷ! ಇಂದು ಆ ವಯಸ್ಸಿನ ಹುಡುಗನಿಗೆ ನಾವು ಗಾಡಿಯ ಕೀಲಿ ಕೊಡಲು ಹಿಂದೆಮುಂದೆ ನೋಡುತ್ತೇವೆ.

ಆ ಕಾಲದ ಸಂಗೀತ ನಾಟಕದಲ್ಲಿ ಹೆಣ್ಣು ಪಾತ್ರ ಗಂಡಸರದೇ. ದೀನಾನಾಥರು 'ಭಾವಬಂಧನ' ನಾಟಕದಲ್ಲಿ ಲತಿಕಾ ಎಂಬ ಪಾತ್ರ ಮಾಡುತ್ತಿದ್ದರು, ಅದು ಅವರಿಗೆ ದೊಡ್ಡ ಹೆಸರು ತಂದಿತ್ತು. ಮಗಳಿಗೆ ಮೊದಲು ಇಟ್ಟಿದ್ದ ಹೇಮಾ ಎಂಬ ಹೆಸರು ಹೋಗಿ ಲತಾ ಬಂದದ್ದು ಆ ಲತಿಕೆಯ ನೆನಪಿನಿಂದ. ತಂದೆ ಸೀರೆಯುಟ್ಟು ಆಡಿದ ಪಾತ್ರದ ಹೆಸರನ್ನು ಮಗಳು ಬಾಳಿಡೀ ಹೊತ್ತಳು. ಇದನ್ನು ಮಕ್ಕಳಿಗೆ ಹೇಳಿ, ಅವರಿಗೆ ನಗು ಬರುತ್ತದೆ, ಆಮೇಲೆ ಮರೆಯುವುದೂ ಇಲ್ಲ.

ಕನ್ನಡದ ನಂಟು ಕೇಳಿದಿರಲ್ಲ, ಅದರ ಒಂದು ಎಳೆ ಇಲ್ಲೇ ಇದೆ. 1842ರಲ್ಲಿ ನಮ್ಮ ಉತ್ತರ ಕನ್ನಡದ ಕರ್ಕಿಯಿಂದ ಒಂದು ಯಕ್ಷಗಾನ ಮೇಳ ಸಾಂಗ್ಲಿಗೆ ಬಂದು ಅಲ್ಲಿನ ಅರಸ ಚಿಂತಾಮಣರಾವ್ ಪಟವರ್ಧನರ ಮುಂದೆ ಆಟ ಆಡಿತು. ಅರಸನಿಗೆ ಇಂಥದ್ದು ಮರಾಠಿಯಲ್ಲೂ ಬೇಕು ಅನ್ನಿಸಿ ವಿಷ್ಣುದಾಸ ಭಾವೆಯವರಿಗೆ ಹೇಳಿದ. ಮರು ವರ್ಷ 'ಸೀತಾ ಸ್ವಯಂವರ' ರಂಗಕ್ಕೆ ಬಂತು, ಮರಾಠಿ ರಂಗಭೂಮಿಯ ಲೆಕ್ಕ ಅಲ್ಲಿಂದ ಶುರು. ಮುಂದೆ ಮರಾಠಿ ಸಂಗೀತ ನಾಟಕಕ್ಕೆ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು, ಅವರ 'ಸೌಭದ್ರ'ದ ಪದಗಳಲ್ಲಿ ಕನ್ನಡದ ಧಾಟಿಗಳು ಸೇರಿಕೊಂಡಿವೆ. ನಮ್ಮವರು ಇದನ್ನು ಎದೆ ತಟ್ಟಿ ಹೇಳುತ್ತಾರೆ. ನಾನೂ ಹೇಳುತ್ತೇನೆ, ಆದರೆ ಮೆಲ್ಲಗೆ. ಬೀಜ ನಮ್ಮದಿರಬಹುದು, ಹೊಲ ಉತ್ತವರು ಅವರು. ಲತಾ ಬೆಳೆದ ಮನೆಯ ಮಾತು ಮರಾಠಿ, ತಾಯಿ ಖಾನದೇಶದ ಥಾಳನೇರಿನ ಗುಜರಾತಿ ಮನೆತನದವರು. ಮನೆಯಲ್ಲಿ ಕನ್ನಡ ಆಡುತ್ತಿದ್ದರು ಎಂದು ಯಾರಾದರೂ ಬರೆದರೆ ನಂಬಬೇಡಿ.

ಆ ಮನೆ ಬರಿಯ ಮನೆಯಲ್ಲ, ಕಂಪನಿಯ ಬಿಡಾರದಂತೆ. ಬೆಳಗಾದರೆ ತಂಬೂರಿ, ಮಧ್ಯಾಹ್ನ ತಾಲೀಮು, ರಾತ್ರಿ ನಾಟಕ. ಕಲಿಯಲು ಬಂದ ಹುಡುಗರು ಅಲ್ಲೇ ಉಂಡು ಅಲ್ಲೇ ಮಲಗುವರು. ಇಂಥ ಮನೆಯ ಮಕ್ಕಳಿಗೆ ಸಂಗೀತ ಯಾರೂ ಕಲಿಸುವುದಿಲ್ಲ, ಮೈಗೆ ಹತ್ತುತ್ತದೆ. ತಾನು ಹೀಗೆ ಹಾಡುತ್ತೇನೆಂದು ಲತಾ ತಂದೆಗೆ ತೋರಿಸಿಕೊಂಡೇ ಇರಲಿಲ್ಲ. ಅಡುಗೆಮನೆಯಲ್ಲಿ ತಾಯಿಯ ಮುಂದೆ ಹಾಡಿ ಬೈಸಿಕೊಳ್ಳುವುದಷ್ಟೇ.

ಒಂದು ಸಂಜೆ ದೀನಾನಾಥರು ಶಿಷ್ಯ ಚಂದ್ರಕಾಂತ ಗೋಖಲೆಗೆ, ಮುಂದೆ ಮರಾಠಿಯ ಹೆಸರಾಂತ ನಟರಾದ ಗೋಖಲೆ ಅವರೇ, ಪೂರಿಯಾ ಧನಾಶ್ರೀ ರಾಗ ಹೇಳಿಕೊಟ್ಟು, "ತಿದ್ದುತ್ತಿರು, ಬಂದೆ" ಎಂದು ಹೊರಗೆ ಹೋದರು. ಗೋಖಲೆ ಹಾಡುತ್ತಿದ್ದಾಗ ಹೊರಗೆ ಆಡುತ್ತಿದ್ದ ಐದರ ಹುಡುಗಿ ಒಳಗೆ ಬಂದು, "ಹಾಗಲ್ಲ, ಹೀಗೆ" ಎಂದು ಹಾಡಿ ತೋರಿಸಿದಳು. ಅಷ್ಟರಲ್ಲಿ ಹಿಂತಿರುಗಿದ ತಂದೆ ಬಾಗಿಲಲ್ಲೇ ನಿಂತು ಕೇಳಿದರು. ಮನೆಯಲ್ಲೇ ಒಬ್ಬ ಗಾಯಕಿ ಇರುವಾಗ ಹೊರಗಿನವರಿಗೆ ಹೇಳಿಕೊಡುತ್ತಿದ್ದೇವಲ್ಲ ಎಂದು ಹೆಂಡತಿಗೆ ಹೇಳಿ, ಮರುದಿನ ಬೆಳಗ್ಗೆ ಆರಕ್ಕೆ ಮಗಳನ್ನು ಎಬ್ಬಿಸಿ ತಂಬೂರಿಯ ಮುಂದೆ ಕೂರಿಸಿದರು. ನಿಮ್ಮ ಅಜ್ಜನ 'ಐದು ವರ್ಷ' ಬಂದದ್ದು ಈ ಕತೆಯಿಂದ. ಎರಡು ಬೇರೆ ಬೇರೆ ಘಟನೆಗಳು ಊರ ಬಾಯಲ್ಲಿ ಒಂದಾಗಿವೆ.

ಈ ಕತೆಯನ್ನು ಎಲ್ಲರೂ ಹೇಳುತ್ತಾರೆ, ಅದರೊಳಗಿನ ಸ್ವಾರಸ್ಯ ಹೇಳುವವರು ಕಡಿಮೆ. ಪೂರಿಯಾ ಧನಾಶ್ರೀ ಸಂಜೆಯ ರಾಗ. ರಿಷಭ, ಧೈವತ ಕೋಮಲ, ಮಧ್ಯಮ ತೀವ್ರ. ಪಕ್ಕದಲ್ಲೇ ಪೂರಿಯಾ ಇದೆ, ಅದಕ್ಕೆ ಪಂಚಮ ಇಲ್ಲ. ಅತ್ತ ಪೂರ್ವಿ ಇದೆ, ಅದಕ್ಕೆ ಎರಡು ಮಧ್ಯಮ. ಒಂದು ಸ್ವರ ಜಾರಿದರೆ ಪಕ್ಕದ ಮನೆಗೆ ಹೋಗಿಬಿಡುತ್ತದೆ. ನನ್ನ ಹತ್ತಿರ ಬರುವ ಹದಿನೈದರ ಮಕ್ಕಳೂ ಇಲ್ಲಿ ಎಡವುತ್ತಾರೆ. ಐದರ ಹುಡುಗಿಗೆ ಆ ಸ್ವರಗಳ ಹೆಸರು ಗೊತ್ತಿದ್ದಿರಲಾರದು, ಆದರೆ ತಪ್ಪು ಕಿವಿಗೆ ಚುಚ್ಚಿತು. ಇದು ಪವಾಡ ಅಲ್ಲ, ದಿನವೂ ಅದನ್ನೇ ಕೇಳಿದ ಕಿವಿ. ಮನೆಯಲ್ಲಿ ನಾವು ಮಾತಾಡುವುದನ್ನು ಕೇಳಿ ಕೇಳಿ ಮಕ್ಕಳು ವ್ಯಾಕರಣ ತಪ್ಪದೆ ಮಾತಾಡುವುದಿಲ್ಲವೆ, ಹಾಗೆ.

ಶಾಲೆಯ ಕತೆ ನಿಮಗೆ ಗೊತ್ತೇ ಇರುತ್ತದೆ. ಸಾಂಗ್ಲಿಯಲ್ಲಿ ಹತ್ತು ತಿಂಗಳ ತಂಗಿ ಆಶಾಳನ್ನು ಎತ್ತಿಕೊಂಡು ಶಾಲೆಗೆ ಹೋದಳು, ಕೂಸನ್ನು ತರಬಾರದು ಎಂದರು, ಸಿಟ್ಟಿನಿಂದ ಮನೆಗೆ ಬಂದವಳು ಮತ್ತೆ ಹೋಗಲಿಲ್ಲ. ಅಕ್ಷರ ಕಲಿಸಿದ್ದು ಮನೆಗೆಲಸದ ಹುಡುಗ. ನೀವು ಶಿಕ್ಷಕಿ, ಈ ದೃಶ್ಯ ಹಾಕಬೇಕೋ ಬೇಡವೋ ನೀವೇ ನೋಡಿ. ನಾನಾಗಿದ್ದರೆ ಹಾಕುತ್ತಿರಲಿಲ್ಲ, ನಾಳೆ ಎಲ್ಲರೂ ಕೂಸುಗಳನ್ನು ಎತ್ತಿಕೊಂಡು ಬಂದಾರು.

ರಂಗದ ಮೇಲೆ ಮೊದಲ ಸಲ ನಿಂತದ್ದು ಸೊಲ್ಲಾಪುರದಲ್ಲಲ್ಲ, ಮನಮಾಡದಲ್ಲಿ. ಕಂಪನಿಯ ಮುಕ್ಕಾಂ ಅಲ್ಲಿದ್ದಾಗ 'ಸೌಭದ್ರ' ನಾಟಕ, ಅದೇ ನಮ್ಮ ಗುರ್ಲಹೊಸೂರಿನವರ ನಾಟಕ. ನಾರದನ ಪಾತ್ರಧಾರಿಗೆ ಜಡ್ಡು. ಟಿಕೀಟು ಹೋಗಿವೆ, ದೀನಾನಾಥರು ತಲೆಗೆ ಕೈಹೊತ್ತು ಕೂತಿದ್ದಾರೆ. ಏಳೆಂಟು ವರ್ಷದ ಮಗಳು, "ನಾನು ನಾರದ ಆಗುತ್ತೇನೆ, ನನಗೆ ಎಲ್ಲ ಪದ ಬರುತ್ತವೆ" ಎಂದಳು. ತಂದೆ ಅರ್ಜುನ, ಅರ್ಜುನನ ಸೊಂಟಕ್ಕೆ ಬರುವಷ್ಟು ನಾರದ. ಮಗಳು 'ಪಾವನಾ ವಾಮನಾ' ಪದ ಎತ್ತಿಕೊಂಡಳು, ಒನ್ಸ್ ಮೋರ್ ಬಂತು. ಒನ್ಸ್ ಮೋರ್ ಎಂದರೆ ಇಂದಿನ ಮಕ್ಕಳಿಗೆ ಬಿಡಿಸಿ ಹೇಳಬೇಕು. ಪದ ಮುಗಿದ ಕೂಡಲೇ ಜನ ಕೂಗುವರು, ಕತೆ ಅಲ್ಲೇ ನಿಲ್ಲುವುದು, ಅದೇ ಪದ ಮತ್ತೊಮ್ಮೆ. ನಟನ ಪಾಲಿಗೆ ಅದೇ ಹಮ್ಮಿಣಿ. ನಮ್ಮ ವೃತ್ತಿ ಕಂಪನಿಗಳಲ್ಲೂ ಹಾಗೇ ಇತ್ತು, ಸತ್ತು ಬಿದ್ದ ಪಾತ್ರವೂ ಎದ್ದು ಮತ್ತೊಮ್ಮೆ ಹಾಡಿ ಸಾಯುತ್ತಿತ್ತು.

ಈಗ ಸೊಲ್ಲಾಪುರ, ನಾಟಕವಲ್ಲ, ಶಾಸ್ತ್ರೀಯ ಹಾಡಿನ ಮೊದಲ ಕಚೇರಿ. 1938ರ ಸೆಪ್ಟೆಂಬರ್ 9. ಈ ತಾರೀಖನ್ನು ಲತಾ ಅವರೇ 2021ರಲ್ಲಿ, ಪರಿಚಯದವರೊಬ್ಬರು ಫೋನು ಮಾಡಿ ನೆನಪಿಸಿದರೆಂದು ಹೇಳಿ, ಅಂದಿನ ಪ್ರಚಾರಕ್ಕೆಂದು ತೆಗೆಸಿದ್ದ ಫೋಟೋದೊಂದಿಗೆ ಎಲ್ಲರಿಗೂ ತಿಳಿಸಿದರು. ಹುಟ್ಟಿದ ದಿನದ ಲೆಕ್ಕ ಹಾಕಿ ನೋಡಿ, ಒಂಬತ್ತು ತುಂಬಲು ಇನ್ನೂ ಹತ್ತೊಂಬತ್ತು ದಿನ ಬಾಕಿ. ದೀನಾನಾಥರ ಕಾರ್ಯಕ್ರಮ ಕೇಳಲು ಬಂದವರು ತಂದೆ ಮಗಳು ಇಬ್ಬರೂ ಹಾಡಲಿ ಎಂದರಂತೆ. ಯಾವ ರಾಗ ಹಾಡುತ್ತೀ ಎಂದು ತಂದೆ ಕೇಳಿದರು. ಖಂಬಾವತಿ, ಎಂದಳು. ಅದಾದ ಮೇಲೆ ಎರಡು ನಾಟ್ಯಪದ. ಆಮೇಲೆ ತಂದೆ ಹಾಡಲು ಕೂತರು, ಮಗಳು ವೇದಿಕೆಯ ಮೇಲೆಯೇ ಅವರ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋದಳು.

ಖಂಬಾವತಿ ಎಂದದ್ದನ್ನು ಸ್ವಲ್ಪ ಗಮನಿಸಿ. ಆ ವಯಸ್ಸಿನ ಮಗು ಮೊದಲಿಗೆ ಕಲಿಸುವ ರಾಗ ಹೇಳಬೇಕು, ಭೂಪ ಎನ್ನಬೇಕು, ಇಲ್ಲವೇ ಯಮನ. ಖಂಬಾವತಿ ಖಮಾಜ ಥಾಟಿನದು, ಖಮಾಜದಂತೆ ಹೊರಟು 'ಗ ಮ ಸಾ' ಎಂದು ಒಮ್ಮೆಲೇ ಷಡ್ಜಕ್ಕೆ ಇಳಿಯುವ ತಿರುವಿನಲ್ಲೇ ಅದರ ಜೀವ. ಆ ತಿರುವು ತಪ್ಪಿದರೆ ಖಮಾಜ, ಝಿಂಝೋಟಿ ಏನೋ ಆಗುತ್ತದೆ. ದೀನಾನಾಥರು ಗಾಯಕ ರಾಮಕೃಷ್ಣಬುವಾ ವಝೆಯವರ ಗಂಡಾಬಂಧ ಶಿಷ್ಯರು, ಎಂದರೆ ಗುರು ಕೈಗೆ ದಾರ ಕಟ್ಟಿ ಒಪ್ಪಿಕೊಂಡವರು. ಬುವಾ ಅವರ ಹತ್ತಿರ ಅಪರೂಪದ ರಾಗಗಳ ಗಂಟೇ ಇತ್ತು. ಆ ಗಂಟಿನಿಂದ ಒಂದು ಕಾಳು ಮಗಳ ಬಾಯಿಗೆ ಬಿದ್ದಿರಬೇಕು ಎಂದು ನನ್ನ ಎಣಿಕೆ.

ಹಾಗಾದರೆ ಈ ಸಂಜೆಗೆ ನಾನೇಕೆ ಕಡಿಮೆ ತೂಕ ಕೊಡುತ್ತೇನೆ? ಅದು ಮುದ್ದಿನ ಮಗಳ ಸಂಜೆ. ತಪ್ಪಿದರೆ ಪಕ್ಕದಲ್ಲಿ ಅಪ್ಪ ಇದ್ದಾನೆ, ನಿದ್ದೆ ಬಂದರೆ ತೊಡೆ ಇದೆ, ಕೇಳುವವರು ಅಪ್ಪನ ಅಭಿಮಾನಿಗಳು. ಹೀಗೆ ಎಂಟರಲ್ಲಿ ಹಾಡಿ ಚಪ್ಪಾಳೆ ಪಡೆದ ಕಲಾವಿದರ ಮಕ್ಕಳು ಆ ಕಾಲದಲ್ಲಿ ಊರಿಗೊಬ್ಬರಿದ್ದರು. ಅವರಲ್ಲಿ ಹೆಚ್ಚಿನವರು ಮುಂದೆ ಎಲ್ಲಿ ಹೋದರು? ನಾವು ಫೋಟೋ ಇದೆ ಎಂಬ ಕಾರಣಕ್ಕೆ ಸೊಲ್ಲಾಪುರವನ್ನು ಹಿಡಿದುಕೊಂಡಿದ್ದೇವೆ. ಫೋಟೋ ಇಲ್ಲದ, ಚಪ್ಪಾಳೆ ಇಲ್ಲದ ಐದು ವರ್ಷಗಳು ಮುಂದೆ, ತಂದೆ ತೀರಿದ ಮೇಲೆ ಬಂದವು. ನನ್ನ ಲೆಕ್ಕದಲ್ಲಿ ಲತಾ ಆದದ್ದು ಅಲ್ಲಿ.

ಆ ಸಂಜೆಯ ಹೊತ್ತಿಗಾಗಲೇ ಮನೆಯ ಸ್ಥಿತಿ ಇಳಿದಿತ್ತು. ಕಾರಣ ನಮ್ಮೆಲ್ಲರಿಗೂ ಗೊತ್ತಿರುವುದೇ, ಸಿನೆಮಾಕ್ಕೆ ಮಾತು ಬಂತು. 1931ರಲ್ಲಿ ಹಿಂದಿಯ ಮೊದಲ ಟಾಕಿ, 1932ರಲ್ಲಿ ಮರಾಠಿಯದು, 1934ರಲ್ಲಿ ಕನ್ನಡದ 'ಸತಿ ಸುಲೋಚನಾ'. ನಮ್ಮ ಕನ್ನಡದ ಆ ಮೊದಲ ಟಾಕಿ ಚಿತ್ರೀಕರಣವಾದದ್ದು ಕೊಲ್ಹಾಪುರದಲ್ಲೇ ಎಂಬುದನ್ನು ಇಲ್ಲೊಂದು ಗೆರೆ ಎಳೆದು ಹೇಳುತ್ತೇನೆ, ಮಕ್ಕಳಿಗೆ ಗೊತ್ತಿರಲಿ. ನಾಲ್ಕಾಣೆಗೆ ಮರಾಠಿ ರಂಗದ ದೊಡ್ಡ ಗಾಯಕನಟ ಬಾಲಗಂಧರ್ವರಂಥವರ ಮುಖ ದೊಡ್ಡದಾಗಿ ಪರದೆಯ ಮೇಲೆ ಕಾಣುವುದಾದರೆ ರಾತ್ರಿಯೆಲ್ಲ ನಿದ್ದೆಗೆಟ್ಟು ನಾಟಕ ಯಾರು ನೋಡುತ್ತಾರೆ? ಒಂದರ ಹಿಂದೊಂದು ಕಂಪನಿ ಕಂತಿದವು. ದೀನಾನಾಥರು ಎದುರಾಳಿಯನ್ನೇ ಅಪ್ಪಿಕೊಳ್ಳಲು ಹೋದರು. ಸಾಂಗ್ಲಿಯಲ್ಲೇ 'ಬಲವಂತ ಪಿಕ್ಚರ್ಸ್' ಶುರು ಮಾಡಿ 'ಕೃಷ್ಣಾರ್ಜುನ ಯುದ್ಧ' ಎಂಬ ಚಿತ್ರ ತೆಗೆದರು. ಚಿತ್ರ ನಡೆಯಲಿಲ್ಲ, ಸಾಲ ನಿಂತಿತು, ಕಂಪನಿ ಹೋಯಿತು, ಕಡೆಗೆ ಸಾಂಗ್ಲಿಯ ಮನೆಯೂ ಹೋಯಿತು. ಸಂಸಾರ ಪುಣೆಗೆ ಬಂತು.

ಮೊಬೈಲಿನ ಬೀದಿ ಹಾಡು ಎಲ್ಲಿಂದ ಹುಟ್ಟಿತು ಎಂದು ಈಗ ಊಹಿಸಬಹುದು. ಬಡತನ ಇತ್ತು. ಆದರೆ ಅದು ಹೆಸರಿರುವ ಮನೆಯ ಬಡತನ. ಬೀದಿಗೆ ಬಂದು ಕೈಚಾಚುವಂತಿಲ್ಲ, ಒಳಗೆ ಡಬ್ಬಿ ಖಾಲಿ. ಇಂಥ ಬಡತನ ನೋಡಿದವರಿಗೆ ಅದು ಬೀದಿಯದಕ್ಕಿಂತ ಹಗುರವೇನಲ್ಲ ಎಂದು ಗೊತ್ತು.

ಪುಣೆಯಲ್ಲಿ ಎರಡು ಸಣ್ಣ ಘಟನೆ. 1941ರ 'ಖಜಾಂಚಿ' ಚಿತ್ರದ ಹಾಡುಗಳ ಹುಚ್ಚು ಊರೂರು ಹಿಡಿದಿತ್ತು, ಅದರ ಹೆಸರಿನಲ್ಲೇ ಒಂದು ಹಾಡಿನ ಸ್ಪರ್ಧೆ ನಡೆಯಿತು. ಶಾಸ್ತ್ರೀಯದವರ ಮನೆಯ ಹುಡುಗಿ ಸಿನೆಮಾ ಹಾಡು ಹಾಡುವುದು ತಂದೆಗೆ ಮನಸ್ಸಿಲ್ಲ, ಆದರೂ ಹಾಡಿದಳು, ಗೆದ್ದಳು, ಬಹುಮಾನವಾಗಿ ದಿಲ್‌ರುಬಾ ಎಂಬ ತಂತಿವಾದ್ಯ ಬಂತು. 'ಖಜಾಂಚಿ'ಯ ಸಂಗೀತ ನಿರ್ದೇಶಕ ಗುಲಾಮ್ ಹೈದರ್, ಈ ಹೆಸರನ್ನು ನೆನಪಿಡಿ. ಎರಡನೆಯದು 1942ರ ಮೊದಲ ತಿಂಗಳುಗಳದು. ವಸಂತ ಜೋಗಳೇಕರರ 'ಕಿತಿ ಹಸಾಲ್' ಎಂಬ ಮರಾಠಿ ಚಿತ್ರಕ್ಕೆ ಸದಾಶಿವರಾವ್ ನೇವರೇಕರರ ಸಂಗೀತದಲ್ಲಿ ಒಂದು ಹಾಡು ಹಾಡಿದಳು. ಆ ಹಾಡು ಚಿತ್ರದಲ್ಲಿ ಉಳಿಯಲೇ ಇಲ್ಲ. ಹೀಗೆ, ಲತಾ ಮಂಗೇಶಕರರ ಮೊದಲ ಸಿನೆಮಾ ಹಾಡು ಯಾರೂ ಕೇಳದ ಹಾಡು.

1942ರ ಏಪ್ರಿಲ್ 24ರಂದು ದೀನಾನಾಥರು ಪುಣೆಯಲ್ಲಿ ತೀರಿಕೊಂಡರು. ಅವರಿಗೆ ನಲವತ್ತೊಂದು. ಲತಾಗೆ ಹನ್ನೆರಡೂವರೆ. ಕೆಳಗೆ ಮೀನಾ, ಆಶಾ, ಉಷಾ, ನಾಲ್ಕೂವರೆ ವರ್ಷದ ಹೃದಯನಾಥ. ಹಳೆಯ ಪರಿಚಯದ ಮಾಸ್ಟರ್ ವಿನಾಯಕ, ನಟ ಮತ್ತು ನಿರ್ದೇಶಕ, ನಟಿ ನಂದಾ ಅವರ ತಂದೆ, ಕೈಹಿಡಿದರು. 'ನವಯುಗ' ಸಂಸ್ಥೆಯ 'ಪಹಿಲಿ ಮಂಗಳಾಗೌರ' ಚಿತ್ರದಲ್ಲಿ ಒಂದು ಚಿಕ್ಕ ಪಾತ್ರ ಮತ್ತು ದಾದಾ ಚಾಂದೇಕರರ ಸಂಗೀತದಲ್ಲಿ ಹಾಡು. ತಂದೆ ಹೋದ ವರ್ಷವೇ ಮಗಳು ಮುಖಕ್ಕೆ ಬಣ್ಣ ಹಚ್ಚಿ ಕ್ಯಾಮೆರಾದ ಮುಂದೆ ನಗಬೇಕಾಯಿತು. ಹುಬ್ಬು ದಪ್ಪ ಎಂದು ಕತ್ತರಿಸಿದರು, ಮನೆಗೆ ಬಂದು ಅತ್ತಳು. ಬೆಳಕು, ಬಣ್ಣ, ಹೀಗೆ ನಿಲ್ಲು, ಹಾಗೆ ಅಳು ಎನ್ನುವವರ ಮಾತು, ಯಾವುದೂ ತನಗೆ ಒಗ್ಗಲಿಲ್ಲ ಎಂದು ಅವರು ಮುಂದೆ ಎಷ್ಟೋ ಸಲ ಹೇಳಿದ್ದಾರೆ.

ಹೆಡ್‌ಮಾಸ್ತರರಿಗೆ ಉತ್ತರ ಇಲ್ಲಿದೆ. ಆ ಕಾಲದಲ್ಲಿ ನಟಿ, ಗಾಯಕಿ ಎಂದು ಎರಡು ಕೆಲಸ ಇನ್ನೂ ಸರಿಯಾಗಿ ಬೇರೆಯಾಗಿರಲಿಲ್ಲ. ಪರದೆಯ ಮೇಲೆ ಕಾಣುವವಳೇ ಹಾಡಬೇಕು ಎಂಬುದು ರೂಢಿ, ಹಿನ್ನೆಲೆ ಗಾಯನ ಆಗಿನ್ನೂ ಬೇರು ಬಿಡುತ್ತಿತ್ತು. ನೂರ್ ಜಹಾನ್ ನಟಿಯೂ ಹೌದು, ಗಾಯಕಿಯೂ ಹೌದು. ಸುರೈಯಾ ಹಾಗೇ. ನಮ್ಮ ಬೀಳಗಿಯ ಅಮೀರಬಾಯಿ ಕರ್ನಾಟಕಿ ಹಾಗೇ, ಆ ಹೊತ್ತಿಗೆ ಮುಂಬಯಿಯಲ್ಲಿ ದೊಡ್ಡ ಹೆಸರು, 1943ರ 'ಕಿಸ್ಮತ್' ಹಾಡುಗಳಿಂದ ಮನೆಮಾತು. ಹಾಡು ಬರುವ ಹುಡುಗಿಗೆ ಸಿನೆಮಾದಲ್ಲಿ ಸಂಬಳ ಬೇಕೆಂದರೆ ಬಣ್ಣ ಹಚ್ಚಲೇಬೇಕು. ಲತಾ ನಟನೆಯಲ್ಲಿ ಸೋತು ಹಾಡಿಗೆ ಬಂದವರಲ್ಲ, ಹಾಡುವವರು ಹೊಟ್ಟೆಗಾಗಿ ನಟಿಸಿದರು. ಕೆಲವೇ ವರ್ಷಗಳಲ್ಲಿ ಆ ಒಂದು ಕೆಲಸ ಎರಡಾಗಿ ಸೀಳಿತು, ಆಗ ಅವರು ತಮಗೆ ಬೇಕಾದ ಹೋಳನ್ನು ಹಿಡಿದುಕೊಂಡರು. ಹತ್ತು ವರ್ಷ ಮೊದಲು ಹುಟ್ಟಿದ್ದರೆ ಬಾಳಿಡೀ ಹುಬ್ಬು ಕತ್ತರಿಸಿಕೊಳ್ಳಬೇಕಾಗುತ್ತಿತ್ತೋ ಏನೋ.

ವಿನಾಯಕರು ನವಯುಗ ಬಿಟ್ಟು ಕೊಲ್ಹಾಪುರದಲ್ಲಿ 'ಪ್ರಫುಲ್ಲ ಪಿಕ್ಚರ್ಸ್' ಕಟ್ಟಿದರು. ಲತಾ ತಿಂಗಳ ಸಂಬಳದ ಮೇಲೆ ಸೇರಿದರು, ಸಂಸಾರ ಕೊಲ್ಹಾಪುರಕ್ಕೆ ಬಂತು. ಬೆಳಗಾವಿ, ನಿಪ್ಪಾಣಿ, ಚಿಕ್ಕೋಡಿಯವರಿಗೆ ಅದು ಅಂಬಾಬಾಯಿಯ ಊರು, ಬೆಲ್ಲದ ಪೇಟೆ. ಆದರೆ ಆಗ ಅದು ಸಿನೆಮಾದ ಊರೂ ಆಗಿತ್ತು. ಬಾಬುರಾವ್ ಪೇಂಟರ್ ಅಲ್ಲೇ ಕೈಯಿಂದ ಕ್ಯಾಮೆರಾ ಮಾಡಿ ಚಿತ್ರ ತೆಗೆದವರು, ಪ್ರಭಾತ್ ಫಿಲ್ಮ್ ಕಂಪನಿ 1929ರಲ್ಲಿ ಹುಟ್ಟಿದ್ದು ಅಲ್ಲೇ. ಪ್ರಭಾತ್ ಪುಣೆಗೆ ಹೋದ ಮೇಲೂ ಸ್ಟುಡಿಯೋ ಇದ್ದವು, ಕೆಲಸ ಬಲ್ಲ ಬಡಿಗರು, ದರ್ಜಿಗಳು, ಬಣ್ಣದವರು ಇದ್ದರು.

ಸ್ಟುಡಿಯೋದ ಸಂಬಳದವಳು ಎಂದರೆ ಏನು? ಇಂದು ಪಾತ್ರ ಇದ್ದರೆ ಪಾತ್ರ, ನಾಳೆ ಗುಂಪಿನಲ್ಲಿ ಹಾಡು, ನಾಡಿದ್ದು ಏನೂ ಇಲ್ಲ ಆದರೆ ಬರಲೇಬೇಕು. 'ಮಾಝೆ ಬಾಳ' ಚಿತ್ರದಲ್ಲಿ ತಂಗಿ ಆಶಾ ಮೊದಲ ಸಲ ಹಾಡಿದರು, ಆಗ ಆಕೆಗೆ ಹತ್ತರ ಆಚೀಚೆ. 'ಗಜಾಭಾವೂ' ಎಂಬ ಮರಾಠಿ ಚಿತ್ರದಲ್ಲಿ ಲತಾ ಮೊದಲ ಹಿಂದಿ ಹಾಡು ಹಾಡಿದರು, ದೇಶಭಕ್ತಿಯ ಹಾಡು. ಮರಾಠಿ ಚಿತ್ರದೊಳಗೆ ಹಿಂದಿ ಹಾಡು, ಕೊಲ್ಹಾಪುರದಲ್ಲಿ! ನಮ್ಮ ಗಡಿಯ ಕಡೆ ಇದರಲ್ಲಿ ವಿಚಿತ್ರವೇನೂ ಇಲ್ಲ ಬಿಡಿ, ಇಲ್ಲಿ ಸಂತೆಗೆ ಹೋಗಿ ಬರುವಷ್ಟರಲ್ಲಿ ನಾಲಿಗೆ ಮೂರು ಭಾಷೆ ಮುಟ್ಟಿರುತ್ತದೆ.

ಕೊಲ್ಹಾಪುರದಲ್ಲೇ ನೂರ್ ಜಹಾನ್ ಅವರನ್ನು ಕಂಡದ್ದು. ವಿನಾಯಕರ 'ಬಡೀ ಮಾ' ಚಿತ್ರಕ್ಕೆ ಅವರು ಬಂದಿದ್ದರು. "ಈ ಹುಡುಗಿ ಹಾಡುತ್ತಾಳೆ" ಎಂದು ವಿನಾಯಕರು ಮುಂದೆ ನಿಲ್ಲಿಸಿದರು. ಆಗಿನ ಕಾಲದ ರಾಣಿಯ ಮುಂದೆ ಹದಿನಾಲ್ಕು ಹದಿನೈದರ ಹುಡುಗಿ ಜೈಜೈವಂತಿ ಎತ್ತಿಕೊಂಡಳು, ಆಮೇಲೆ ಕೇಳಿದ್ದಕ್ಕೆ ಒಂದು ಸಿನೆಮಾ ಹಾಡು. ನೂರ್ ಜಹಾನ್ ಮೆಚ್ಚಿ, ರಿಯಾಜ್ ಬಿಡಬೇಡ ಎಂದರು. ಅದೇ ಚಿತ್ರದಲ್ಲಿ ಲತಾಗೆ, ಆಶಾಗೆ ಚಿಕ್ಕ ಪಾತ್ರಗಳು ಇದ್ದವು. ಹತ್ತಿರ ನಿಂತು ದೊಡ್ಡ ಕಲಾವಿದೆ ಮಾತನ್ನು ಹೇಗೆ ಉಚ್ಚರಿಸುತ್ತಾಳೆ, ಸಾಲಿನ ಕೊನೆಯಲ್ಲಿ ಉಸಿರು ಹೇಗೆ ಬಿಡುತ್ತಾಳೆ ಎಂದು ನೋಡುವ ಅವಕಾಶ ಯಾವ ಸಂಗೀತ ಶಾಲೆಯಲ್ಲೂ ಸಿಗುವುದಿಲ್ಲ. 1948-49ರ ಲತಾ ಹಾಡುಗಳನ್ನು ಹಾಕಿ ಕೇಳಿ, ನೂರ್ ಜಹಾನರ ನೆರಳು ಢಾಳಾಗಿ ಕಾಣುತ್ತದೆ. ಅದನ್ನು ಕಳಚಿಕೊಳ್ಳ‍ಲು ಒಂದೆರಡು ವರ್ಷ ಬೇಕಾಯಿತು.

ನಟನೆ ಅವರಿಗೆ ಬೇಡವಾಗಿತ್ತು, ಸರಿ. ಆದರೆ ವ್ಯರ್ಥವಾಗಲಿಲ್ಲ ಎಂಬುದು ನನ್ನ ವಾದ. ಅವರ ಹಾಡಿನಲ್ಲಿ ಅಳುವ ಹೆಣ್ಣು ಅಳುವಂತೆ, ಚೇಷ್ಟೆಯ ಹುಡುಗಿ ಚೇಷ್ಟೆಯಂತೆ ಕೇಳುತ್ತಾಳಲ್ಲ, ಮುಖ ಕಾಣದೆಯೇ ಮುಖ ಕಾಣುತ್ತದಲ್ಲ, ಅದು ತಂಬೂರಿ ಒಂದರಿಂದಲೇ ಬರುವಂಥದಲ್ಲ. ಕ್ಯಾಮೆರಾದ ಮುಂದೆ ನಿಂತು ಬೈಸಿಕೊಂಡವರಿಗೆ, ಇಲ್ಲಿ ನಟಿ ತಿರುಗುತ್ತಾಳೆ, ಇಲ್ಲಿ ಕಣ್ಣು ಎತ್ತುತ್ತಾಳೆ ಎಂಬುದು ಮೈಕಿನ ಮುಂದೆಯೂ ಗೊತ್ತಿರುತ್ತದೆ. ಒಳ್ಳೆಯ ಕಂಠದ ಎಷ್ಟೋ ಶಾಸ್ತ್ರೀಯ ಗಾಯಕಿಯರು ಸಿನೆಮಾಕ್ಕೆ ಹಾಡಿ ಹಿಂತಿರುಗಿದರು. ಸ್ವರ ಸರಿಯಿತ್ತು, ಪಾತ್ರ ಇರಲಿಲ್ಲ.

ಮುಂದಿನದನ್ನು ಚಿಕ್ಕದಾಗಿ ಹೇಳುತ್ತೇನೆ, ಅದು ಎಲ್ಲ ಕಡೆ ಸಿಗುತ್ತದೆ. 1945ರಲ್ಲಿ ವಿನಾಯಕರ ಕಂಪನಿ ಮುಂಬಯಿಗೆ ಹೋಯಿತು, ಲತಾ ಜೊತೆಗೆ ಹೋದರು. ಅಲ್ಲಿ ಭೇಂಡಿಬಜಾರ್ ಘರಾಣೆಯ ಉಸ್ತಾದ್ ಅಮಾನ್ ಅಲಿ ಖಾನರ ಬಳಿ ಮತ್ತೆ ಪಾಠ. 1946ರ 'ಆಪ್ ಕೀ ಸೇವಾ ಮೇ' ಚಿತ್ರದಲ್ಲಿ ದತ್ತಾ ಡಾವಜೇಕರರ ಸಂಗೀತದಲ್ಲಿ ಒಂದು ಹಿಂದಿ ಹಾಡು. ಚಿತ್ರದ ನಿರ್ದೇಶಕರು ಅದೇ ವಸಂತ ಜೋಗಳೇಕರರು, ನಾಲ್ಕು ವರ್ಷದ ಹಿಂದೆ ಯಾರ ಚಿತ್ರದಲ್ಲಿ ಹಾಡು ಉಳಿಯಲಿಲ್ಲವೋ ಅವರು. 1947ರ ಆಗಸ್ಟ್ 19ರಂದು, ಸ್ವಾತಂತ್ರ್ಯ ಬಂದು ನಾಲ್ಕೇ ದಿನಕ್ಕೆ, ವಿನಾಯಕರು ತೀರಿಕೊಂಡರು. ಎರಡನೆಯ ಸಲ ಮನೆಯ ಆಧಾರ ಬಿತ್ತು. ಆಗ ಲತಾಗೆ ಹದಿನೇಳು ಮುಗಿದು ಹದಿನೆಂಟು ತುಂಬುವುದರಲ್ಲಿತ್ತು. ತಂದೆ ಕಂಪನಿ ಕಟ್ಟಿದ ವಯಸ್ಸು.

ಗುಲಾಮ್ ಹೈದರ್ ಬಂದದ್ದು ಆಗ. 'ಶಹೀದ್' ಚಿತ್ರಕ್ಕೆ ಹಾಡಿಸೋಣವೆಂದು ನಿರ್ಮಾಪಕ ಶಶಧರ ಮುಖರ್ಜಿಯವರ ಬಳಿ ಕರೆದೊಯ್ದರು. ಧ್ವನಿ ತೀರ ಸಣ್ಣದು ಎಂದು ಅವರು ಬೇಡವೆಂದರು. ಹೈದರ್ ಸಿಟ್ಟಿಗೆದ್ದು ತಮ್ಮದೇ 'ಮಜಬೂರ್' ಚಿತ್ರದಲ್ಲಿ ಹಾಡಿಸಿದರು. ರೈಲು ನಿಲ್ದಾಣದಲ್ಲಿ ಕಾಯುತ್ತ ಸಿಗರೇಟಿನ ಡಬ್ಬಿಯ ಮೇಲೆ ತಾಳ ತಟ್ಟಿ ಹಾಡು ಹೇಳಿಕೊಟ್ಟರಂತೆ. ಮುಖರ್ಜಿಯವರನ್ನು ಎಲ್ಲರೂ ಬೈಯುತ್ತಾರೆ, ನನಗೆ ಬೈಯಬೇಕೆನ್ನಿಸುವುದಿಲ್ಲ. ಆಗಿನ ಕಿವಿಗೆ ಅಮೀರಬಾಯಿ, ಶಮಶಾದ್ ಬೇಗಂ, ಜೋಹ್ರಾಬಾಯಿ ಅಂಬಾಲೇವಾಲಿ ಅವರ ತುಂಬು ಕಂಠ ಒಗ್ಗಿತ್ತು. ಜೋಳದ ರೊಟ್ಟಿ ಉಂಡು ಬೆಳೆದವರ ಮುಂದೆ ಶಾವಿಗೆ ಇಟ್ಟಂತಾಗಿರಬೇಕು. ದಿಲೀಪ್ ಕುಮಾರ್ ಅವರು ಮರಾಠಿಯವರ ಉರ್ದುವಿನಲ್ಲಿ ಬೇಳೆ ಅನ್ನದ ವಾಸನೆ ಬರುತ್ತದೆ ಎಂದದ್ದು ಕೂಡ ಆ ಹೊತ್ತಿನಲ್ಲೇ. ಅದಕ್ಕೆ ಲತಾ ಅತ್ತು ಕೂರಲಿಲ್ಲ, ಉರ್ದು ಕಲಿಸುವವರನ್ನು ಹುಡುಕಿಕೊಂಡರು. ಶಾಲೆ ಬಿಟ್ಟ ಹುಡುಗಿ ಎಂಬುದನ್ನು ಮರೆಯಬೇಡಿ.

1949ರಲ್ಲಿ 'ಮಹಲ್' ಬಂತು. ಅದರಲ್ಲಿ ಎಲ್ಲರೂ ಗುನುಗಿದ 'ಆಯೇಗಾ ಆನೇವಾಲಾ' ಹಾಡಿನ ಪ್ಲೇಟಿನ ಮೇಲೆ ಗಾಯಕಿಯ ಹೆಸರು ಲತಾ ಎಂದಿರಲಿಲ್ಲ, ಚಿತ್ರದ ಪಾತ್ರದ ಹೆಸರು ಕಾಮಿನಿ ಎಂದಿತ್ತು. ಯಾರಿವಳು ಎಂದು ಕೇಳುಗರು ರೇಡಿಯೋಕ್ಕೆ ಪತ್ರ ಬರೆದು ಹೆಸರು ಕೇಳಿಸಿಕೊಳ್ಳಬೇಕಾಯಿತು. ನಿಮ್ಮ ರೂಪಕ ಇಲ್ಲಿಗೆ ನಿಲ್ಲಲಿ, ಮುಂದಿನದು ತಾರೆಯ ಕತೆ.

ಕನ್ನಡದ ಮಾತು ಉಳಿಯಿತು. 1967ರ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಚಿತ್ರಕ್ಕೆ ಲಕ್ಷ್ಮಣ ಬರ್ಲೇಕರರ ಸಂಗೀತದಲ್ಲಿ ಅವರು ಎರಡು ಹಾಡು ಹಾಡಿದ್ದಾರೆ, 'ಬೆಳ್ಳನೆ ಬೆಳಗಾಯಿತು' ಮತ್ತು 'ಎಲ್ಲಾರೆ ಇರತೀನೋ'. ಎರಡನೆಯದು ನಮ್ಮ ಕಡೆಯ ಮಾತಿನಲ್ಲೇ ಇದೆ. 'ಎಲ್ಲಾರೆ', 'ಎಂದಾರೆ' ಎನ್ನುವಾಗ ಅವರ ನಾಲಿಗೆ ತಡವರಿಸುವುದಿಲ್ಲ, ಬೆಂಗಳೂರಿನ ಗಾಯಕರು ಅಲ್ಲಿ ತಡವರಿಸುವುದನ್ನು ನಾನು ಕೇಳಿದ್ದೇನೆ. ಸಾಂಗ್ಲಿ, ಕೊಲ್ಹಾಪುರದ ಗಾಳಿ ಕುಡಿದವರಿಗೆ ಈ ಉಲಿ ತೀರ ಹೊರಗಿನದಲ್ಲ ಎಂದುಕೊಳ್ಳುತ್ತೇನೆ. ಇದು ನನ್ನ ಅಭಿಮಾನವೂ ಇರಬಹುದು.

ರೂಪಕಕ್ಕೆ ಒಂದೆರಡು ಸೂಚನೆ. ನಾರದನ ದೃಶ್ಯಕ್ಕೆ ನಿಮ್ಮ ಶಾಲೆಯ ಅತಿ ಗಿಡ್ಡ ಹುಡುಗಿಯನ್ನೂ ಅತಿ ಎತ್ತರದ ಹುಡುಗನನ್ನೂ ಆರಿಸಿ. ಕೊಲ್ಹಾಪುರದ ದೃಶ್ಯದಲ್ಲಿ ಹಾಡು ಬೇಡ, ಹುಡುಗಿ ಸ್ಟುಡಿಯೋದ ಮೂಲೆಯಲ್ಲಿ ಬಣ್ಣ ಹಚ್ಚಿಕೊಂಡು ಸುಮ್ಮನೆ ಕಾಯುತ್ತ ಕೂತಿರಲಿ, ಕರೆಯುವವರೆಗೆ. ನೋಡುವವರಿಗೆ ಬೇಸರ ಬರುವಷ್ಟು ಹೊತ್ತು ಕೂರಿಸಿ. ಸೊಲ್ಲಾಪುರದ ದೃಶ್ಯಕ್ಕೆ ತಂಬೂರಿ ಬೇಕಾಗುತ್ತದೆ, ರಟ್ಟಿನದು ಮಾಡಿಸಬೇಡಿ, ನನ್ನದನ್ನು ಒಯ್ಯಿರಿ. ಮೀರಜದಲ್ಲಿ ಮಾಡಿಸಿದ್ದು, ಬುರುಡೆ ಹಳೆಯದಾಗಿದೆ. ಎಸ್‌ಟಿ ಬಸ್ಸಿನಲ್ಲಿ ಮಡಿಲಲ್ಲಿ ಇಟ್ಟುಕೊಂಡೇ ಕೂರಬೇಕು, ಮೇಲಿನ ಹಲಗೆಗೆ ಹಾಕಬೇಡಿ.